ಬಿಜೈಯಲ್ಲಿ ಪೊಲೆಂಟಾ ಕಾಸಿದ್ದು

ಗಂಡಸು ಒಲೆಯ ಮುಂದೆ ಕುಳಿತರೆ ಆ ಮನೆಯಲ್ಲಿ ನಗುವಿಗೆ ಬರಗಾಲವಿಲ್ಲ. ಕರಾವಳಿಯ ಬಿಜೈಯ ನಮ್ಮ ಮನೆಯಲ್ಲಿ ಇಂಥದ್ದು ಆಗಾಗ ಆಗುತ್ತಲೇ ಇತ್ತು. ಅವುಗಳಲ್ಲಿ ಅರುವತ್ತರ ದಶಕದ ಒಂದು ವಾರದ್ದನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಹಳದಿ ಹಿಟ್ಟು

ಆಗ ಬಡವರಿಗೆ ಹಂಚಲೆಂದು ಇಗರ್ಜಿಯ ಜಗಲಿಗೆ ಅಮೆರಿಕದಿಂದ ಮುಸುಕಿನ ಜೋಳದ ಹಳದಿ ಹಿಟ್ಟು ಚೀಲ ಚೀಲವಾಗಿ ಬರುತ್ತಿತ್ತು. ಕುಚ್ಚಲಕ್ಕಿ ಗಂಜಿ ಕುಡಿದು ಬೆಳೆದ ನಮ್ಮವರಿಗೆ ಅದನ್ನು ಎಂತ ಮಾಡುವುದೆಂದು ತಿಳಿಯದೆ ಹಲವರು ದನದ ಅಕ್ಕಚ್ಚಿಗೆ ಬೆರೆಸುತ್ತಿದ್ದರು. ಇದನ್ನು ಕಂಡು ನಮ್ಮ ಇಟಲಿಯ ಮುದಿ ಪಾದ್ರಿಯವರಿಗೆ ಬೇಸರವಾಯಿತು. ತಮ್ಮ ಊರಿನಲ್ಲಿ ಇದಕ್ಕೆ ಪೊಲೆಂಟಾ ಎನ್ನುತ್ತಾರೆ, ಕುದಿಯುವ ನೀರಿಗೆ ಹಾಕಿ ಮುಕ್ಕಾಲು ಗಂಟೆ ಕೈಬಿಡದೆ ತಿರುವಬೇಕು, ಕೊನೆಗೆ ಹಾಲು, ಬೆಣ್ಣೆ ಸೇರಿಸಿದರೆ ಕೆನೆಯ ಹಾಗೆ ಆಗುತ್ತದೆ, ತಮ್ಮ ಅಮ್ಮ ದಿನವೂ ಮಾಡುತ್ತಿದ್ದರು ಎಂದು ನನಗೆ ನಿಧಾನವಾಗಿ ಹೇಳಿದ್ದರು.

ಕೆಲವು ತಿಂಗಳ ನಂತರ ಅವರು ಟೈಫಾಯಿಡ್ ಜ್ವರದಲ್ಲಿ ಮಲಗಿದರು. ಜ್ವರ ಬಿಟ್ಟಿತು, ಆದರೆ ಊಟ ಸೇರಲಿಲ್ಲ. ಗಂಜಿಯ ಬಟ್ಟಲು ಇಟ್ಟಲ್ಲೇ ತಣಿಯುತ್ತಿತ್ತು. ಹೀಗೇ ಆದರೆ ಬರುವ ವಾರ ಅವರನ್ನು ಊರಿಗೆ ಹಡಗು ಹತ್ತಿಸುವುದೆಂದು ಇಗರ್ಜಿಯ ದೊಡ್ಡವರು ನಿಶ್ಚಯಿಸಿದರು. ಅವರಿಗೆ ಹೋಗುವ ಮನಸ್ಸೇ ಇರಲಿಲ್ಲ. ನಮ್ಮ ಮದುವೆ ಮಾಡಿಸಿದವರು, ಮಕ್ಕಳ ತಲೆಗೆ ತೀರ್ಥ ಹಾಕಿದವರು. ಈ ಸ್ಥಿತಿಯಲ್ಲಿ ಹೋದರೆ ದಾರಿಯಲ್ಲೇ ಮುಗಿಯಿತು ಎಂದಳು ನನ್ನ ಹೆಂಡತಿ.

ದೇವರ ಪಟದ ಮುಂದೆ ನಿಂತು ನಾನು ಒಂದು ನಿರ್ಧಾರ ಮಾಡಿದೆ. ಹೊರಬಂದು ಹೆಂಡತಿಗೆ ಹೇಳಿದೆ, ಅವರ ಅಮ್ಮನ ಅಡುಗೆ ಅವರ ಬಾಯಿಗೆ ಮುಟ್ಟಿಸದೆ ಬಿಡುವವನಲ್ಲ, ನಾನೇ ಕಾಸುತ್ತೇನೆ ಎಂದು. ಅವಳು ನನ್ನನ್ನು ಒಮ್ಮೆ ನೋಡಿದಳು.

"ಹಿಟ್ಟು ಎಷ್ಟು ಉಂಟು?" ಎಂದಳು.

ಒಂದು ಚೀಲ ಉಂಟು ಎಂದೆ.

"ಹಾಗಾದರೆ ಮಾಡಿ. ಕಲಿಯುವಷ್ಟು ಉಂಟು."

ಮೊದಲ ಸಲ

ನೀರು ಕೊತಕೊತ ಕುದಿಯುವಾಗ ಶಿಲುಬೆಯ ಗುರುತು ಮಾಡಿ, ಪಾತ್ರೆಗೆ ಹಿಟ್ಟನ್ನು ಒಮ್ಮೆಲೇ ಸುರಿದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ನಿಂಬೆ ಗಾತ್ರದ ಗಂಟುಗಳು ತೇಲತೊಡಗಿದವು. ಒಂದನ್ನು ಒಡೆದರೆ ಎರಡಾಗುತ್ತಿತ್ತು, ಒಳಗೆ ಹಿಟ್ಟು ಒಣಗಿಯೇ ಇತ್ತು. ನಾನು ಹಟದಿಂದ ಒಡೆಯುತ್ತಲೇ ಇದ್ದೆ.

ಆಗ ಬೆಂಕಿ ಕೇಳಲು ಬಂದ ಪಕ್ಕದ ಮನೆಯ ತುಳು ಹೆಂಗಸು ಪಾತ್ರೆಗೆ ಇಣುಕಿದಳು. ಅವರ ಮನೆಯ ಪುಂಡಿ, ಅಂದರೆ ಅಕ್ಕಿ ಕಡುಬಿನ ಉಂಡೆ, ಬೀದಿಗೆಲ್ಲ ಹೆಸರಾದದ್ದು. ನಮ್ಮ ಕ್ರೈಸ್ತ ಗಂಡಸರನ್ನು ತುಳುವರು ಮರ್ಯಾದೆಗೆ ಕರೆಯುವಂತೆ ಪೊರ್ಬುಲೇ ಎಂದು ಕರೆದು ಅವಳು ಗಂಭೀರವಾಗಿಯೇ ಹೇಳಿದಳು:

"ಪುಂಡಿ ಚಂದ ಆಗಿದೆ ಪೊರ್ಬುಲೇ. ಸಾರು ಮಾತ್ರ ಸ್ವಲ್ಪ ಸಪ್ಪೆ ಕಾಣ್ತದೆ."

ಎರಡನೆಯ ಸಲ

ಮರುದಿನ ಹೆಂಡತಿ ನನ್ನನ್ನು ಬದಿಗೆ ಸರಿಸಿ ಕುಳಿತಳು. ಹಿಟ್ಟನ್ನು ಮುಷ್ಟಿಯಿಂದ ತುಂತುರು ಮಳೆಯ ಹಾಗೆ ಉದುರಿಸುತ್ತ ಇನ್ನೊಂದು ಕೈಯಿಂದ ತಿರುವಿದಳು. ಒಂದು ಗಂಟೂ ಇಲ್ಲ. ನಾನು ಮನಸ್ಸಿನಲ್ಲೇ ದೇವರಿಗೆ ವಂದಿಸಿ, ಬೆಣ್ಣೆ ತರಲು ಅಂಗಡಿಗೆ ಹೋದೆ.

ತಿರುಗಿ ಬರುವಾಗ ಬೀದಿಯ ತುದಿಗೇ ಏಲಕ್ಕಿಯ ಪರಿಮಳ ಬಂತು. ಕೆನೆ ಬರಬೇಕೆಂದು ಅವಳು ತೆಂಗಿನಹಾಲು ಹಾಕಿದ್ದಳು. ತೆಂಗಿನಹಾಲು ಹಾಕಿದ ಕೈ ಅಭ್ಯಾಸದಂತೆ ಬೆಲ್ಲದ ಡಬ್ಬಿಗೆ ಹೋಗಿತ್ತು. ಬಾಳೆಲೆಯ ಮೇಲೆ ಹೊಯ್ದು, ತಣಿಸಿ, ಕತ್ತಿಯಿಂದ ಓರೆಯಾಗಿ ಗೆರೆ ಎಳೆದೂ ಆಗಿತ್ತು. ಅದು ನಮ್ಮ ಹಬ್ಬದ ಸಿಹಿತಿಂಡಿ ಮಣ್ಣಿ, ಬಣ್ಣ ಮಾತ್ರ ಇಟಲಿಯದ್ದು. ಮಕ್ಕಳು ಆಗಲೇ ಅರ್ಧ ಮುಗಿಸಿದ್ದರು.

ಫಾದರ್ ಬೆಲ್ಲದ ಮಾತೇ ಎತ್ತಿರಲಿಲ್ಲವಲ್ಲ ಎಂದೆ.

ಅವಳು ಬೆರಳು ನೆಕ್ಕಿ ಮರುಗಿದಳು: "ಅವರ ಊರಲ್ಲಿ ಬೆಲ್ಲ ಸಿಗುವುದಿಲ್ಲವೋ ಏನೋ, ಪಾಪ."

ಮೂರನೆಯ ಸಲ

ಮುಕ್ಕಾಲು ಗಂಟೆ ಎಂದರೆ ಎಷ್ಟು ಎಂದು ತಿಳಿಯಲು ಅಡುಗೆಮನೆಯಲ್ಲಿ ಗಡಿಯಾರವಿರಲಿಲ್ಲ. ನನ್ನ ತಾಯಿ ದಾರಿ ತೋರಿಸಿದರು. ಸಂಜೆಯ ಜಪಸರದ ಪ್ರಾರ್ಥನೆ ತೇರ್ಸನ್ನು ಒಲೆಯ ಮುಂದೆಯೇ ಹೇಳುವಾ, ಜಪಸರ ಮುಗಿಯುವಾಗ ಹಿಟ್ಟು ಬೇಯುತ್ತದೆ ಎಂದರು. ಮನೆಯವರೆಲ್ಲ ಮೊಣಕಾಲೂರಿದೆವು. ನಾನು ಮರದ ಸೌಟು ಹಿಡಿದೆ. ನಡುನಡುವೆ ಹಿಟ್ಟು ಬುಳುಕ್ಕೆಂದು ಹಾರಿ ಕೈ ಸುಡುತ್ತಿತ್ತು. ಆಗೆಲ್ಲ ನನ್ನ ಪ್ರಾರ್ಥನೆ ಸ್ವಲ್ಪ ಗಟ್ಟಿಯಾಗಿ ಕೇಳಿಸುತ್ತಿತ್ತು.

ತೇರ್ಸು ಮುಗಿಯಿತು. ಹೆಂಡತಿ ರುಚಿ ನೋಡಿ ಹಸಿ ಎಂದಳು. ತಾಯಿ ಎಂದಿನಂತೆ ತೀರಿಹೋದವರ ಆತ್ಮಗಳಿಗೆ ಒಂದೊಂದು ಪ್ರಾರ್ಥನೆ ಶುರುಮಾಡಿದರು. ನನ್ನ ತಂದೆ, ಅಜ್ಜ, ದೊಡ್ಡಪ್ಪಂದಿರು, ಕೊನೆಗೆ ಯಾರೂ ಕಂಡಿರದ ಒಬ್ಬ ಮುತ್ತಜ್ಜಿ. ನಮ್ಮ ಕಡೆಯವರು ಮುಗಿದರು. ಹಿಟ್ಟು ಇನ್ನೂ ಹಸಿ.

ತಾಯಿ ಪಾತ್ರೆಗೆ ಇಣುಕಿದರು. ಮದುವೆಯಾದಂದಿನಿಂದ ನಮ್ಮ ಮನೆಯ ತೇರ್ಸಿನಲ್ಲಿ ಸೊಸೆಯ ಕಡೆಯವರ ಹೆಸರು ಬಂದದ್ದಿಲ್ಲ. ಕೊನೆಗೆ ನಿಟ್ಟುಸಿರು ಬಿಟ್ಟು, "ಇನ್ನು ಇವಳ ಅಪ್ಪನಿಗೆ ಒಂದು," ಎಂದರು. ಅಪ್ಪನಾದ ಮೇಲೆ ಚಿಕ್ಕಪ್ಪ, ಸೋದರತ್ತೆ. ಹಿಟ್ಟು ಬೆಂದು ಪಾತ್ರೆಯ ಬದಿ ಬಿಡತೊಡಗಿದ್ದನ್ನು ನಾನು ಕಂಡೆ. ಹೆಂಡತಿಯೂ ಕಂಡಳು. ಆದರೂ ಅವಳು ಮತ್ತೊಮ್ಮೆ ರುಚಿ ನೋಡಿ, ತಲೆ ತಗ್ಗಿಸಿ ಅತ್ತೆಗೆ ಹೇಳಿದಳು:

"ಇನ್ನೂ ಒಂದು ಅಜ್ಜಿಯಷ್ಟು ಹಸಿ ಉಂಟು, ಮಾಂಯ್."

ಕೆನೆಯಂಥ ಪೊಲೆಂಟಾ

ಹಾಲು, ಬೆಣ್ಣೆ ಬಿದ್ದ ಮೇಲೆ ಅದು ನಿಜಕ್ಕೂ ಕೆನೆಯಾಯಿತು. ಸೌಟಿನಿಂದ ಮೆಲ್ಲಗೆ ಜಾರುತ್ತಿತ್ತು. ಬಿಸಿ ಆರದಂತೆ ಬಟ್ಟೆ ಸುತ್ತಿ ತಾಯಿ, ಹೆಂಡತಿ, ನಾನು ಪಾದ್ರಿಗಳ ಕೋಣೆಗೆ ಒಯ್ದೆವು. ಮೇಜಿನ ಮೇಲೆ ಮುಟ್ಟದ ಗಂಜಿ ಇತ್ತು.

ಪಾದ್ರಿಗಳು ಒಂದು ಚಮಚ ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಎರಡನೆಯ ಚಮಚಕ್ಕೆ ಕಣ್ಣಿನಲ್ಲಿ ನೀರು ಬಂತು. ನನ್ನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಸುಟ್ಟ ಕೈಗಳನ್ನು ಜೋಡಿಸಿ ನಿಂತೆ.

"ಇದೇ," ಎಂದರು ಪಾದ್ರಿಗಳು. "ನನ್ನ ಅಮ್ಮನದ್ದು ಸರಿಯಾಗಿ ಇದೇ. ಬೆಳಿಗ್ಗೆ ಇದು, ಮಧ್ಯಾಹ್ನ ಇದು, ರಾತ್ರಿ ಇದು. ಇದರಿಂದ ತಪ್ಪಿಸಿಕೊಳ್ಳಲಿಕ್ಕೇ ನಾನು ಪಾದ್ರಿಯಾಗಲು ಸೆಮಿನರಿಗೆ ಓಡಿಹೋದದ್ದು."

ಅವರು ಚಮಚ ಕೆಳಗಿಟ್ಟು, ಊರಿಗೆ ಹೋದರೆ ತಂಗಿಯ ಮನೆಯಲ್ಲಿ ಮೂರು ಹೊತ್ತೂ ಇದನ್ನೇ ಕೊಡುತ್ತಾರೆ ಎಂದರು. ಆಮೇಲೆ ಕೈಚಾಚಿ ಆ ತಣ್ಣಗಿನ ಗಂಜಿಯ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡರು. ಉಪ್ಪಿನಕಾಯಿ ಉಂಟಾ ಎಂದು ಕೇಳಿ, ಬಟ್ಟಲು ಖಾಲಿ ಮಾಡಿದರು. ಹಡಗಿನ ಮಾತು ಅಲ್ಲಿಗೇ ನಿಂತಿತು.

ನಾನು ತಲೆ ತಗ್ಗಿಸಿ ಪಾತ್ರೆ ಎತ್ತಿಕೊಂಡೆ. ಉಳಿದದ್ದನ್ನು ದನಕ್ಕೆ ಹಾಕುವಾ ಎಂದಳು ಹೆಂಡತಿ. ತಾಯಿ ಆಕೆಯ ಕೈ ಹಿಡಿದು ತಡೆದರು. ಮೊಮ್ಮಕ್ಕಳಲ್ಲಿ ಒಬ್ಬನಾದರೂ ಪಾದ್ರಿಯಾಗಬೇಕೆಂಬುದು ಅವರ ಎಷ್ಟೋ ವರ್ಷದ ಹರಕೆ.

"ಚೆಲ್ಲಬೇಡ," ಎಂದರು ತಾಯಿ. "ನಾಳೆಯಿಂದ ಮಕ್ಕಳಿಗೆ ಮೂರು ಹೊತ್ತೂ ಇದೇ."