ಮುಯ್ಯಿ ಪಟ್ಟಿಗೆ ಬಿದ್ದ ಗೀಟು

ಹಾಲಸ್ವಾಮಿಯ ಗ್ರಹಚಾರವೆಲ್ಲ ಶುರುವಾದದ್ದು ಒಂದು ಗುರುತಿನಿಂದ. ಹೊಸಪೇಟೆಯ ತನ್ನ ಟೈಪಿಂಗ್ ಅಂಗಡಿಗೆ ಅವನು ಹುಬ್ಬಳ್ಳಿಯಿಂದ ಹಳೆಯ ಕಂಪ್ಯೂಟರ್ ಒಂದನ್ನು ತಂದು ಎರಡು ತಿಂಗಳಾಗಿತ್ತು. ಇದು ೧೯೯೩ರ ಮಾತು. ರೂಪಾಯಿಗೆ ಆಗಿನ್ನೂ ತನ್ನದೇ ಚಿಹ್ನೆ ಹುಟ್ಟಿರಲಿಲ್ಲ. ಈ ಯಂತ್ರವೋ, ಹಣದ ಅಂಕಿ ಕಂಡಲ್ಲೆಲ್ಲ ಯಾರನ್ನೂ ಕೇಳದೆ ‘$’ ಎಂದು ಒತ್ತಿಬಿಡುತ್ತಿತ್ತು. ಅದನ್ನು ತೆಗೆಯುವ ವಿದ್ಯೆ ಹಾಲಸ್ವಾಮಿಗೆ ತಿಳಿದಿರಲಿಲ್ಲ. ಯಾರು ನೋಡುತ್ತಾರೆ ಬಿಡು ಎಂದುಕೊಂಡಿದ್ದ.

ಹೆಂಡತಿ ಜಂಬವ್ವನಿಗೆ ಆ ಯಂತ್ರದ ಮೇಲೆ ಮೊದಲಿಂದಲೂ ಗುಮಾನಿ. “ಕರೆಂಟ್ ತಿನ್ನೋದೊಂದ ಗೊತ್ತು ಆ ಡಬ್ಬಿಗೆ. ಇವತ್ತು ರೊಕ್ಕ ಇಸ್ಕೊಂಡು ಕುಕ್ಕರ್ ತರ್ರಿ. ಇಲ್ಲಂದ್ರ ಅದರ ಮ್ಯಾಲ ಸಂಡಿಗಿ ಒಣಗಿಸ್ತೀನಿ ನೋಡ್ರಿ” ಎಂದು ಬೆಳಿಗ್ಗೆಯೇ ಎಚ್ಚರಿಸಿದ್ದಳು.

ರೊಕ್ಕ ಬರಬೇಕಾದದ್ದು ಕಂಪ್ಲಿಯ ಅಕ್ಕಿ ಗಿರಣಿ ಮಾಲೀಕ ಕೊಟ್ರಬಸಪ್ಪನಿಂದ. ಅವನ ಮಗಳ ಮದುವೆಗೆ ಬಂದ ಮುಯ್ಯಿಯನ್ನು ಹಾಲಸ್ವಾಮಿ ಪಟ್ಟಿ ಮಾಡಿದ್ದ. ಇನ್ನೂರ ಹದಿನಾಲ್ಕು ಹೆಸರು, ಮುನ್ನೂರು ರೂಪಾಯಿ ಕೂಲಿ. ಪಟ್ಟಿಯನ್ನು ಚೀಲಕ್ಕೆ, ಬಿಲ್ಲನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಕಂಪ್ಲಿ ಬಸ್ಸು ಹತ್ತಿದ.

ಗಿರಣಿಯ ಅಂಗಳದಲ್ಲಿ ನೆಂಟರೆಲ್ಲ ಕುಳಿತಿದ್ದರು. ಹಾಲಸ್ವಾಮಿ ಪಟ್ಟಿಯನ್ನು ಗಟ್ಟಿಯಾಗಿ ಓದಿದ. ಆಮೇಲೆ ಪಟ್ಟಿ ಕೈಯಿಂದ ಕೈಗೆ ಹೋಯಿತು. ಎಮ್ಮಿಗನೂರಿನಿಂದ ಬಂದಿದ್ದ ಕೊಟ್ರಬಸಪ್ಪನ ಅಕ್ಕ ಚೆನ್ನಬಸಮ್ಮ ಕನ್ನಡಕ ಏರಿಸಿ ನೋಡಿದವಳೇ ಪಟ್ಟಿಯನ್ನು ಕೆಳಗಿಟ್ಟಳು.

“ಯಪ್ಪಾ ತಮ್ಮಾ, ನನ್ನ ಐದುನೂರ ಒಂದಕ್ಕ ಗೀಟು ಯಾಕ ಬಿದ್ದೈತಿ?”

ಆ ಸೀಮೆಯ ಮನೆಮನೆಯಲ್ಲೂ ಅದೇ ಪದ್ಧತಿ. ಮುಯ್ಯಿ ತಿರುಗಿ ಮುಟ್ಟಿಸಿದರೆ ಅಂಕಿಯ ಮುಂದೆ ಒಂದು ಗೀಟು ಎಳೆಯುತ್ತಾರೆ. ಅಲ್ಲಿಗೆ ಅದು ತೀರಿತು. ಇಲ್ಲಿ ನೋಡಿದರೆ ಪ್ರತಿ ಅಂಕಿಯ ಮುಂದೂ ಹಾವಿನ ಮೈಗೆ ಕಡ್ಡಿ ಚುಚ್ಚಿದಂತೆ ಒಂದೊಂದು ಗೀಟು.

“ಅಂದ್ರ, ನನ್ನ ಮೊಮ್ಮಗಳ ಮದುವಿಗೆ ನೀ ಬರಿಗೈಲೆ ಬರಾಂವ?” ಎಂದಳು ಚೆನ್ನಬಸಮ್ಮ. ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರು ಎದ್ದು ಚಪ್ಪಲಿಯನ್ನೂ ಮೆಟ್ಟಿದರು.

ಕೊಟ್ರಬಸಪ್ಪ ಕೆಂಪಾದ. “ಏನಲೇ ಇದು?”

“ಗೀಟಲ್ಲರೀ ಸಾವ್ಕಾರ್ರ! ಅದು ಡಾಲರ್ ಗುರುತು. ಅಮೇರಿಕಾದ ರೊಕ್ಕದ್ದು” ಎಂದು ಹಾಲಸ್ವಾಮಿ ಬಡಬಡಿಸಿದ.

ಅವನು ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು. ಸಂಡೂರಿನ ಗಣಿ ಕಚೇರಿಯಲ್ಲಿ ಗುಮಾಸ್ತನಾಗಿದ್ದ, ಕೊಟ್ರಬಸಪ್ಪನ ಅಳಿಯನ ಅಣ್ಣ ಮರಿಸ್ವಾಮಿ ಪಟ್ಟಿ ಕಸಿದುಕೊಂಡ. “ಖರೇನ ಡಾಲರ್! ಅದಿರು ಪರದೇಶಕ್ಕ ಕಳಿಸೋ ಕಾಗದದಾಗ ದಿನಾ ನೋಡ್ತೀನಿ. ಮಾವಾರ, ಪರ್ಮಿಷನ್ ಇಲ್ದ ಡಾಲರ್ ಇಟ್ಕೊಂಡ್ರ ಪೊಲೀಸ್ರು ಒಳಗ ಹಾಕ್ತಾರ. ಹಂಪಿ ಫಾರಿನರ್ ಕಡಿಂದ ಬಂದಾವೇನು?”

ಎಲ್ಲರೂ ಕೊಟ್ರಬಸಪ್ಪನನ್ನು ನೋಡಿದರು. ಕೊಟ್ರಬಸಪ್ಪ ಹಾಲಸ್ವಾಮಿಯನ್ನು ನೋಡಿದ. ದಾರಿಯಲ್ಲಿ ಯಾವುದೋ ಜೀಪಿನ ಸದ್ದು ಕೇಳಿ ಕೊಟ್ರಬಸಪ್ಪನೇ ಓಡಿಹೋಗಿ ಗೇಟು ಹಾಕಿ ಬಂದ.

“ನಿನ್ನ ಯಾರು ಕಳಿಸ್ಯಾರ ಹೇಳಲೇ! ಆ ಮ್ಯಾಲಿನ ಗಿರಣಿಯಾಂವ ಅಲ್ಲೇನು? ನನ್ನ ಜೈಲಿಗೆ ಕಳಿಸಾಕ ಮಾಡಿರಿ?”

ಹಾಲಸ್ವಾಮಿ ಕೈ ಮುಗಿದ. ನಿಜ ಹೇಳಿದರೆ ಯಾರೂ ನಂಬುವಂತಿರಲಿಲ್ಲ. “ಡಾಲರ್ ಅಲ್ಲರೀ ಯಪ್ಪಾ! ಅಕ್ಕಾರು ಅಂದದ್ದ ಖರೆ. ಬರೇ ಗೀಟು ಅದು. ತೀರೇತಿ ಅನ್ನೋ ಗುರುತು. ಮಷಿನ್ ತಪ್ಪಿ ಹಾಕೈತಿ, ಎಲ್ಲಾ ಅಳಿಸಿ ಕೊಡ್ತೀನಿ.”

“ಹತ್ತು ಮಂದಿ ಮುಂದ ಇನ್ನೊಮ್ಮೆ ಹೇಳು” ಎಂದ ಕೊಟ್ರಬಸಪ್ಪ.

“ಗೀಟುರೀ. ಗೀಟಂದ್ರ ತೀರಿತು. ಡಾಲರ್ ಅಂದದ್ದು ನನ್ನ ತಪ್ಪು.”

ಮರಿಸ್ವಾಮಿ ಅದನ್ನು ಕಾಗದದಲ್ಲಿ ಬರೆದು ಹಾಲಸ್ವಾಮಿಯ ಸಹಿ ಹಾಕಿಸಿಕೊಂಡ. ಗಣಿ ಕಚೇರಿಯ ಅಭ್ಯಾಸ ಅದು. ಆಮೇಲೆ ಹಾಲಸ್ವಾಮಿ ಭತ್ತದ ಮೂಟೆಗೆ ಒರಗಿ ಕುಳಿತು, ಟೈಪಿಂಗ್ ತಪ್ಪು ತಿದ್ದಲು ಚೀಲದಲ್ಲಿಟ್ಟಿದ್ದ ಬಿಳಿ ಬಣ್ಣ ಬಳಿದು ಬಳಿದು ಇನ್ನೂರ ಹದಿನಾಲ್ಕು ಕಡೆ ಪೆನ್ನಿನಿಂದ ‘ರೂ.’ ಎಂದು ಬರೆದ. ಮುಗಿಯುವಷ್ಟರಲ್ಲಿ ಹೊತ್ತು ಇಳಿದಿತ್ತು. ಚೆನ್ನಬಸಮ್ಮ ಒಂದೊಂದನ್ನೂ ಬೆಳಕಿಗೆ ಹಿಡಿದು ಪರೀಕ್ಷಿಸಿ ತಲೆಯಾಡಿಸಿದಳು.

ಹಾಲಸ್ವಾಮಿಗೆ ಹೋದ ಜೀವ ಬಂದಂತಾಯಿತು. ಕುಕ್ಕರ್ ನೆನೆಯುತ್ತ ಜೇಬಿನಿಂದ ಬಿಲ್ಲು ತೆಗೆದು ಕೊಟ್ಟ.

ಕೊಟ್ರಬಸಪ್ಪ ಬಿಲ್ಲನ್ನು ನೋಡಿದ. ತಿರುಗಿಸಿ ನೋಡಿದ. “ಮುನ್ನೂರರ ಮುಂದ ಗೀಟು ಬಿದ್ದೈತಲ್ಲಪಾ. ಅಂದ್ರ ತೀರಿತು.”

ಆ ಒಂದು ಗುರುತಿಗೆ ಬಣ್ಣ ಬಳಿಯುವುದು ಮರೆತೇಹೋಗಿತ್ತು! “ಇಲ್ಲರೀ ಸಾವ್ಕಾರ್ರ, ಇದು...”

“ಡಾಲರ್ ಅಂತೀಯೇನು?” ಮರಿಸ್ವಾಮಿ ಸಹಿಯ ಕಾಗದವನ್ನು ಮೆಲ್ಲಗೆ ಬಿಚ್ಚಿದ.

ಹಾಲಸ್ವಾಮಿ ಬಿಲ್ಲನ್ನು ವಾಪಸು ಇಸಿದುಕೊಂಡು ಮಡಚಿ ಜೇಬಿಗೆ ಹಾಕಿಕೊಂಡ. ಚೆನ್ನಬಸಮ್ಮ ಮರುಗಿ ಮದುವೆಯಲ್ಲಿ ಉಳಿದ ಬೂಂದಿಯ ಪೊಟ್ಟಣವನ್ನೂ ಬಸ್ ಚಾರ್ಜನ್ನೂ ಕೊಟ್ಟು ಕಳಿಸಿದಳು.

ಮನೆ ಬಾಗಿಲಲ್ಲಿ ಜಂಬವ್ವ ಅವನ ಕೈಯಲ್ಲಿ ಕುಕ್ಕರ್ ಇಲ್ಲದ್ದನ್ನು ನೋಡಿದಳು. ಅವನ ಜೇಬಿಗೆ ಕೈಹಾಕಿ ಬಿಲ್ಲು ತೆಗೆದಳು.

“ಸಾವ್ಕಾರ ರೊಕ್ಕ ಕೊಡಲಿಲ್ಲ ನೋಡ” ಎಂದ ಹಾಲಸ್ವಾಮಿ, ಅಳು ಬಂದವನಂತೆ.

ಹಾಲಿನ ಲೆಕ್ಕ ತೀರಿಸಿ ಗೋಡೆಯ ಮೇಲೆ ತಿಂಗಳು ತಿಂಗಳು ಗೀಟು ಎಳೆಯುವ ಜಂಬವ್ವ ಬಿಲ್ಲನ್ನು ದೀಪಕ್ಕೆ ಹಿಡಿದಳು. ಅವಳ ಕಣ್ಣು ಸಣ್ಣಗಾಯಿತು.

“ಗೀಟು ಹೊಡದು ಕಳಿಸ್ಯಾರ. ಅಂದ್ರ ಮುನ್ನೂರೂ ಮುಟ್ಟೈತಿ. ಖರೆ ಹೇಳ್ರಿ, ಆ ರೊಕ್ಕ ಯಾರಿಗೆ ಕೊಟ್ಟು ಬಂದ್ರಿ?”