ಮೊಣಕಾಲಿಗೆ ಮುಟ್ಟಿಸಿದ ಕಾಣಿಕೆ

ದಾನ ಮಾಡುವುದರಲ್ಲಿ ನಾನು ಧಾರಾಳಿಯೇನಲ್ಲ, ಆದರೆ ಪದ್ಧತಿಯವಳು. ಯಾರಿಗಾದರೂ ಮೈಯಲ್ಲಿ ಹುಷಾರಿಲ್ಲದಿದ್ದರೆ ಅವರ ಮೈಗೆ ಮುಟ್ಟಿಸಿದ ರೊಕ್ಕವನ್ನೇ ದಾನ ಕೊಡಬೇಕು. ಇಲ್ಲದಿದ್ದರೆ ಅದು ಯಾರ ಸಲುವಾಗಿ ಕೊಟ್ಟದ್ದು ಎಂದು ದೇವರಿಗೆ ಹೇಗೆ ತಿಳಿಯಬೇಕು? ಅವನಿಗೆ ನಮ್ಮ ರಾಯಚೂರು ಒಂದೇ ಅಲ್ಲ, ಮಾನ್ವಿ, ದೇವದುರ್ಗದ ಮೊಣಕಾಲು ನೋವುಗಳೂ ಇರುತ್ತವೆ.

ನಮ್ಮ ಯಜಮಾನರ ಮೊಣಕಾಲಿಗೆ ಆಪರೇಷನ್ ಆಗಿ ಎರಡು ತಿಂಗಳಾಗಿತ್ತು. ಡಾಕ್ಟರು ನಡೆಯಿರಿ ಎಂದರೂ ಇವರು ಹೆದರಿ ಬಾಗಿಲು ದಾಟಿರಲಿಲ್ಲ. ಅಡುಗೆಮನೆಯ ತನಕ ಬಂದು ಸಾರಿಗೆ ಉಪ್ಪು ಕಡಿಮೆ ಎನ್ನುವಷ್ಟು ಶಕ್ತಿ ಮಾತ್ರ ಬಂದಿತ್ತು. ಅದೂ ಶಿವನ ಕೃಪೆಯೇ. ಅವರು ಮೊದಲಿನಂತೆ ಬೀದಿಗಿಳಿಯಲಿ ಎಂದು ಪ್ರತಿ ಸೋಮವಾರ ಹತ್ತರ ನೋಟನ್ನು ಅವರ ಮೊಣಕಾಲಿಗೆ ಮುಟ್ಟಿಸಿ, ಗುಡಿಯ ಮುಂದೆ ವೃದ್ಧಾಶ್ರಮದವರು ಹಿಡಿದು ನಿಲ್ಲುವ ಡಬ್ಬಿಗೆ ಹಾಕಿ ಬರುತ್ತಿದ್ದೆ.

ಒಂದು ಸೋಮವಾರ ಡಬ್ಬಿಯೇ ಇಲ್ಲ. ಅದನ್ನು ಹಿಡಿಯುತ್ತಿದ್ದ ಶಬಾನಾಳ ಕೈಯಲ್ಲಿ ಅಂಗೈಯಗಲದ ಮಷಿನ್ನು. "ಈಗ ಡಬ್ಬಿ ಇಲ್ರೀ ಅಕ್ಕಾರ. ಕಾರ್ಡ್ ಇದರ ಸನೇಕ ಹಿಡಿದ್ರ ಸಾಕು, ಪಿನ್ನೂ ಬ್ಯಾಡ" ಎಂದಳು. "ಇದು ಮೊಣಕಾಲಿಗೆ ಮುಟ್ಟಿಸಿದ ನೋಟು ಅದವ್ವಾ" ಎಂದೆ. "ಹಂಗಾರ ಕಾರ್ಡನ್ನೇ ಮುಟ್ಟಿಸಿ ತರ್ರಿ."

ಹುಡುಗಿಯ ಮಾತು ಸರಿಯೆನಿಸಿತು. ಮನೆಗೆ ಬಂದು ಯಜಮಾನರ ಕಾರ್ಡನ್ನು ತೆಗೆದು ಅವರ ಮೊಣಕಾಲಿಗೆ ಒತ್ತಿದೆ. ಪೇಪರಿನಿಂದ ತಲೆ ಎತ್ತಿ, "ರೊಕ್ಕ ಬ್ಯಾಂಕಿನಾಗ ಅದ. ಕಾರ್ಡಿಗೆ ಮುಟ್ಟಿಸಿದ್ರ ರೊಕ್ಕಕ್ಕ ಮುಟ್ಟತದೇನು?" ಎಂದರು. ಇಂಥ ಪ್ರಶ್ನೆಯನ್ನು ನಮ್ಮ ಮಠದ ಅಯ್ಯನವರಿಗೇ ಕೇಳಬೇಕು. ಮಾತು ತೇಲಿಸಲು, "ಆ ಮಷಿನ್ನಿಗೆ ಪಿನ್ನೂ ಬೇಕಾಗಿಲ್ಲಂತ್ರಿ" ಎಂದೆ.

"ಪಿನ್ ಇಲ್ದನ ರೊಕ್ಕ ಹೋಗ್ತದ? ಯಾರ ಹೇಳ್ಯಾರ? ನನ್ನ ಚಪ್ಲಿ ಎಲ್ಲಿಟ್ಟಿ?"

ಡಾಕ್ಟರು, ನಾನು, ದೇವದುರ್ಗದಿಂದ ದಿನವೂ ಫೋನಿನಲ್ಲಿ ಬಯ್ಯುವ ನಾದಿನಿ, ಯಾರಿಂದಲೂ ಆಗದ ಕೆಲಸ ಅಲ್ಲಿಗೆ ಆಯಿತು. ಅಕ್ಕಿ ಮಿಲ್ಲಿನಲ್ಲಿ ಮೂವತ್ತು ವರ್ಷ ಗಲ್ಲಾಪೆಟ್ಟಿಗೆ ಕಾಯ್ದ ಮನುಷ್ಯ ಕೋಲನ್ನೂ ಮರೆತು ಗುಡಿಯವರೆಗೆ ನಡೆದರು. ಕಾರ್ಡು ಹಿಡಿದರು. ಮಷಿನ್ನು ಕೀಂ ಎಂದಿತು. "ಹೋತೇನು?" "ಹೋತ್ರಿ ಚಾಚಾ." "ಇನ್ನೊಮ್ಮಿ ಒತ್ತು, ನೋಡೂಣು." ಪರೀಕ್ಷೆ ಮುಗಿಯುವುದರೊಳಗೆ ವೃದ್ಧಾಶ್ರಮಕ್ಕೆ ಮೂರು ಸೋಮವಾರಗಳ ಕಾಣಿಕೆ ಸಂದಿತ್ತು. ನಾಲ್ಕನೆಯ ಸಲ ನಾನು ಶಬಾನಾಗೆ ಕಣ್ಸನ್ನೆ ಮಾಡಿದೆ. ಅವಳು ಬಗ್ಗಿ ಮಷಿನ್ನನ್ನೇ ಅವರ ಮೊಣಕಾಲಿಗೆ ಮುಟ್ಟಿಸಿದಳು.

"ಏನ ಮಾಡಾಕತ್ತೀರಿ ಇಬ್ಬರೂ? ಮಂದಿ ನೋಡಾಕತ್ತಾರ" ಎಂದು ಇವರು ಧೋತರ ಸರಿಮಾಡಿಕೊಂಡರು. ತಾವು ನಡೆದು ಬಂದದ್ದು ಆಗಷ್ಟೇ ಹೊಳೆದಿರಬೇಕು. ಕಾಲನ್ನೊಮ್ಮೆ ನೋಡಿಕೊಂಡರು, ನನ್ನನ್ನೊಮ್ಮೆ ನೋಡಿದರು. ಮನೆಯ ಕಡೆ ಹೊರಟರು, ಅದೂ ಬಿರಬಿರನೆ.

ಹಿಂದೆ ಓಡಿದ ನನಗೆ ಅರ್ಧ ದಾರಿಯಲ್ಲೇ ಏದುಸಿರು. ಹೂ ಮಾರುವ ನಾಗವ್ವನ ಬುಟ್ಟಿಯ ಪಕ್ಕದ ಕಟ್ಟೆಯ ಮೇಲೆ ಮೊಣಕಾಲು ಹಿಡಿದು ಕುಳಿತೆ. ನನ್ನ ಸೋಮವಾರದ ಪದ್ಧತಿ ಬಲ್ಲ ಅವಳು, ದೂರ ಹೋಗುತ್ತಿದ್ದ ಇವರನ್ನು ನೋಡಿ, ನನ್ನನ್ನೂ ನೋಡಿ, "ಅಕ್ಕಾರ, ಇನ್ನ ನಿಮ್ಮ ಮೊಣಕಾಲಿಗೆ ಯಾರು ಮುಟ್ಟಿಸಿ ಕೊಡಬೇಕ್ರಿ?" ಎಂದಳು.

ಇವರೇ ಕೊಡಬೇಕು. ಆದರೆ ಅದನ್ನು ಹೇಳಲಿಕ್ಕಾದರೂ ನಾನು ಮೊದಲು ಅವರನ್ನು ಹಿಡಿಯಬೇಕಲ್ಲ.