ಬೆಕ್ಕಿಗೆ ತಕ್ಕ ಮನೆತನ

ನನಗೆ ಹೆಣ್ಣು ಕೊಡುವಾಗ ನನ್ನ ಮಾವನವರು ಹೆಚ್ಚೇನೂ ವಿಚಾರಿಸಲಿಲ್ಲ. ಧಾರವಾಡದ ನಮ್ಮ ಪಡಸಾಲೆಯಲ್ಲಿ ಕುಳಿತು ಚಹಾ ಕುಡಿದರು, ನೌಕರಿ ಕಾಯಮ್ಮೋ ಹೇಗೆ ಎಂದು ಕೇಳಿದರು, ಅವಲಕ್ಕಿಗೆ ಒಗ್ಗರಣೆ ಚೆನ್ನಾಗಿ ಬಿದ್ದಿದೆ ಎಂದು ಹೊಗಳಿದರು, ಎದ್ದು ಹೋಗಿ ಮುಹೂರ್ತ ನೋಡಿಸಿದರು. ನಾನು ಸಿಟ್ಟಿನವನೇ, ಊರಿಗೆ ಹೋಗುವಾಗ ಅವರ ಮಗಳನ್ನು ಯಾರ ಬಳಿ ಬಿಟ್ಟು ಹೋಗುತ್ತೇನೆ, ಆಕೆ ಬಾಲ್ಕನಿಯಿಂದ ಕೆಳಗೆ ಬೀಳದಂತೆ ಏನು ಏರ್ಪಾಡು ಮಾಡಿದ್ದೇನೆ ಎಂದು ಆ ಪುಣ್ಯಾತ್ಮ ಒಂದು ಮಾತು ಕೇಳಲಿಲ್ಲ. ಲೋಕ ನಡೆಯುವುದೇ ಇಂಥ ನಂಬಿಕೆಯ ಮೇಲೆ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಪುಣೆಯಲ್ಲಿ ಒಂದು ಅನಾಥ ಬೆಕ್ಕನ್ನು ಮನೆಗೆ ತರಲು ಹೊರಟ ಮೇಲೆ ಆ ಭ್ರಮೆ ಹರಿಯಿತು.

ಬೆಕ್ಕು ಬೇಕೆಂದವಳು ನನ್ನ ಮಗಳು ಅನಘಾ. ಕಾಲೇಜಿಗೆ ಹೋಗುವವಳು, ಫೋನಿನಲ್ಲಿ ಯಾವುದೋ ಹಳದಿ ಪಟ್ಟೆಯ ಬೆಕ್ಕಿನ ಚಿತ್ರ ಹಿಡಿದು ಊಟದ ಹೊತ್ತಿಗೆ ನನ್ನ ತಟ್ಟೆಯ ಪಕ್ಕದಲ್ಲಿಟ್ಟಳು. “ಅಪ್ಪಾ, ಇದಕ್ಕ ಮನಿ ಇಲ್ಲ” ಎಂದಳು. “ಮನಿ ಇಲ್ಲದವ್ರು ಈ ಊರಾಗ ಭಾಳ ಮಂದಿ ಇದ್ದಾರವಾ. ಎಲ್ಲಾರ್ನೂ ಕರಕೊಂಬರೂಣೇನು?” ಎಂದೆ. ನನಗೆ ಅದು ಚೆನ್ನಾದ ನಗೆಮಾತು ಅನ್ನಿಸಿತ್ತು. ತಾಯಿ ಮಗಳು ಇಬ್ಬರೂ ನನ್ನನ್ನು ನೋಡಿದ ರೀತಿಯಲ್ಲಿ ಬೆಕ್ಕು ಬರುವುದು ನಿಶ್ಚಯವಾಯಿತು.

ನಮ್ಮ ಅವ್ವನ ಒಪ್ಪಿಗೆ ಮಾತ್ರ ಉಳಿದಿತ್ತು. ಅಪ್ಪ ತೀರಿಕೊಂಡ ಮೇಲೆ ಅವ್ವ ಧಾರವಾಡ ಬಿಟ್ಟು ಪುಣೆಯ ವಿಮಾನ ನಗರದ ನಮ್ಮ ಫ್ಲಾಟಿಗೆ ಬಂದಿದ್ದಾಳೆ. ಮರಾಠಿ ಆಕೆಗೆ ಬರುವುದಿಲ್ಲ. ಕಲಿಯುವ ಅವಸರವೂ ಇಲ್ಲ. ಏಕಾದಶಿಗೆ ಉಳ್ಳಾಗಡ್ಡಿಯ ಹೆಸರು ಕೂಡ ಎತ್ತುವವಳಲ್ಲ. “ತರೂದಾದ್ರ ತರ್ರಿ. ನನ್ನ ಅಡಗಿಮನಿಗೆ ಕಾಲಿಟ್ರ ಮಾತ್ರ ಒಂದಿನಾನೂ ಇಟ್ಟುಕೊಳ್ಳೂದಿಲ್ಲ” ಎಂದಳು. ಈ ಮಾತು ಬೆಕ್ಕಿಗೆ ಹೇಳಿದ್ದೋ ನನಗೆ ಹೇಳಿದ್ದೋ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಬೆಕ್ಕು ತರುವುದೆಂದರೆ ಒಂದು ಚೀಲ ಒಯ್ದು, ಅದರಲ್ಲಿ ಬೆಕ್ಕು ಹಾಕಿಕೊಂಡು ಬರುವುದು ಎಂದು ನಾನು ತಿಳಿದಿದ್ದೆ. ಚಿಕ್ಕಂದಿನಲ್ಲಿ ನಮ್ಮ ಮನೆಗೆ ಬೆಕ್ಕುಗಳು ತಾವೇ ಬರುತ್ತಿದ್ದವು, ತಾವೇ ಮರಿ ಹಾಕುತ್ತಿದ್ದವು, ಬೇಸರವಾದರೆ ಹೇಳದೆ ಹೋಗುತ್ತಿದ್ದವು. ಅವಕ್ಕೆ ಹೆಸರೂ ಇರಲಿಲ್ಲ. ಈ ಬೆಕ್ಕಿಗೆ ಹೆಸರಿತ್ತು, ಪೂರ್ವಚರಿತ್ರೆ ಇತ್ತು, ಮೇಲಾಗಿ ಮೇಧಾತಾಯಿ ಎಂಬ ಪಾಲಕಿಯೂ ಇದ್ದರು. ಬೀದಿಯಲ್ಲಿ ಸಿಕ್ಕ ಬೆಕ್ಕುಗಳನ್ನು ಹಿಡಿದು, ಔಷಧ ಮಾಡಿಸಿ, ಯೋಗ್ಯವಾದ ಮನೆ ನೋಡಿ ಸೇರಿಸುವುದು ಈ ತಾಯಿಯ ವ್ರತ. ದೌಂಡ ಸ್ಟೇಷನ್ನಿನಲ್ಲಿ ಬೆಂಚಿನ ಕೆಳಗೆ ಸುರುಳಿ ಸುತ್ತಿ ಮಲಗಿದ್ದ ಮರಿಯನ್ನು ಎತ್ತಿಕೊಂಡು ಬಂದಿದ್ದರಂತೆ. ಆ ಸುರುಳಿಯನ್ನು ನೋಡಿ ಅದಕ್ಕೆ ಪುಣೆಯ ಸುರುಳಿ ತಿಂಡಿ ‘ಬಾಕರವಡಿ’ಯ ಹೆಸರಿಟ್ಟಿದ್ದರು. ಪುಣೆಯವರಿಗೆ ಪ್ರೀತಿ ಉಕ್ಕಿದಾಗ ಮೊದಲು ನೆನಪಾಗುವುದು ಫರಾಳದ ತಿಂಡಿ ಡಬ್ಬಿಯೇ.

ಚೀಲದ ಮಾತು ಫೋನಿನಲ್ಲಿ ಎತ್ತಿದ್ದೇ ತಡ, ಮೇಧಾತಾಯಿ “ಮೊದಲು ನಾನು ನಿಮ್ಮ ಮನೆ ನೋಡಬೇಕು” ಎಂದರು. ಬಂದರು. ಚಪ್ಪಲಿ ಬಿಡುವ ಮೊದಲೇ ಬಾಲ್ಕನಿಯತ್ತ ನಡೆದು, ಕಟಕಟೆಯಿಂದ ಕೆಳಗೆ ಬಗ್ಗಿ ನೋಡಿ, ಇಲ್ಲಿಂದ ಈಗಾಗಲೇ ನಾಲ್ಕಾರು ಬೆಕ್ಕು ಬಿದ್ದು ಸತ್ತಿವೆಯೇನೋ ಎಂಬಂತೆ ನಿಟ್ಟುಸಿರಿಟ್ಟರು. ಕಟಕಟೆಯ ಮೇಲೆ ಬಲೆಯ ಜಾಳಿ ಹಾಕಿಸಬೇಕು ಎಂದರು. ನನ್ನ ಮಗಳು ಇದೇ ಬಾಲ್ಕನಿಯಲ್ಲಿ ಅಂಬೆಗಾಲಿಟ್ಟು ಬೆಳೆದಿದ್ದಾಳೆ, ಆಗ ಯಾರೂ ಜಾಳಿ ಕೇಳಿರಲಿಲ್ಲ ಎಂದೆ. “ನಿಮ್ಮ ಮಗಳು ಪಾರಿವಾಳ ಕಂಡರೆ ಹಾರುತ್ತಿದ್ದಳೇ?” ಎಂದು ಮರಾಠಿಯಲ್ಲಿ ಬಹಳ ಸೌಮ್ಯವಾಗಿ ಕೇಳಿದರು.

ಇಲ್ಲಿ ನನ್ನ ಉದ್ಯೋಗದ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಕಂಪನಿಯಲ್ಲಿ ನನ್ನ ಕೆಲಸ ಜನರಿಗೆ ಸಂವಹನ ಕಲಿಸುವುದು. ಎದುರಿನವರ ಮಾತು ಹೇಗೆ ಕೇಳಬೇಕು, ಒಪ್ಪದ ಗಿರಾಕಿಯನ್ನು ಹೇಗೆ ಒಲಿಸಬೇಕು ಎಂದು ಪರದೆಯ ಮೇಲೆ ಬಾಣದ ಗುರುತು ಬಿಡಿಸಿ ತೋರಿಸುತ್ತೇನೆ. ಕುರಕುಂಭದ ರಸಾಯನ ಕಾರ್ಖಾನೆಯವರು ಕೂಡ ನನ್ನನ್ನು ಕರೆಸಿ ತಮ್ಮ ಸುಪರ್ವೈಸರುಗಳಿಗೆ ಉಪನ್ಯಾಸ ಕೊಡಿಸಿದ್ದಾರೆ. ಅವರು ಮುಖಗವಸು ಹಾಕಿಕೊಂಡೇ ಕೇಳಿದರು. ಅಂಥ ನಾನು ಮೇಧಾತಾಯಿಯ ಮುಂದಿನ ಪ್ರಶ್ನೆಗೆ ಎಡವಿದೆ.

“ಬೆಕ್ಕಿಗೆ ಏನು ಹಾಕುತ್ತೀರಿ?”

“ಹಾಲು ಅನ್ನ,” ಎಂದೆ ಹೆಮ್ಮೆಯಿಂದ.

ಮೇಧಾತಾಯಿ ಕಣ್ಣು ಮುಚ್ಚಿಕೊಂಡರು. ಹಾಲು ಬೆಕ್ಕಿನ ಹೊಟ್ಟೆಗೆ ಆಗುವುದಿಲ್ಲವೆಂದೂ, ಅನ್ನ ತಿನ್ನಲು ಅದು ಉಪನಯನವಾದ ವಟುವಲ್ಲವೆಂದೂ, ಮೀನು ಕೋಳಿ ಇಲ್ಲದೆ ಬೆಕ್ಕು ಬದುಕುವುದಿಲ್ಲವೆಂದೂ ವಿವರಿಸಿದರು. ಮೀನು ಎಂಬ ಶಬ್ದ ಎಲ್ಲ ಭಾಷೆಯಲ್ಲೂ ಅವ್ವನಿಗೆ ತಿಳಿಯುತ್ತದೆ. ಒಳಗಿನಿಂದ ಪಾತ್ರೆ ಸದ್ದಾಯಿತು. ನನ್ನ ಹೆಂಡತಿ ವೀಣಾ ಶಾಲೆಯಲ್ಲಿ ಮಕ್ಕಳ ಜಗಳ ಬಿಡಿಸಿ ಪಳಗಿದವಳು; ಮೀನಿನ ಪೊಟ್ಟಣ ಬಾಲ್ಕನಿಯ ಕಪಾಟಿನಲ್ಲೇ ಇರತಕ್ಕದ್ದು, ಅಲ್ಲೇ ಒಡೆಯತಕ್ಕದ್ದು, ಒಡೆಯುವವನು ನಾನೇ ಆಗತಕ್ಕದ್ದು ಎಂದು ಅಲ್ಲಿಯೇ ಸಂಧಾನ ಮಾಡಿದಳು. ನನ್ನನ್ನು ಯಾರೂ ಕೇಳಲಿಲ್ಲ. ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಬೇರೆ, ಬೆಕ್ಕು ಸಾಕಲು ಅಡ್ಡಿಯಿಲ್ಲ, ಆದರೆ ಅದು ಲಿಫ್ಟಿನಲ್ಲಿ ಓಡಾಡುವಾಗ ಹಿರಿಯರಿಗೆ ಮೊದಲು ದಾರಿ ಬಿಡಬೇಕು ಎಂದು ತಾಕೀತು ಮಾಡಿ ಹೋದರು. ತಮ್ಮ ಮಗ ಎಂದೂ ಬಿಡದಿದ್ದುದನ್ನು ಅವರು ಬೆಕ್ಕಿನಿಂದ ನಿರೀಕ್ಷಿಸುತ್ತಿದ್ದರು.

ಅಂತೂ ಜಾಳಿ ಬಂತು, ಬೆಕ್ಕೂ ಬಂತು. ಬುಟ್ಟಿಯ ಬಾಗಿಲು ತೆರೆದದ್ದೇ ಹಳದಿಯ ಮಿಂಚೊಂದು ನಮ್ಮ ಕಾಲಸಂದಿಯಲ್ಲಿ ಹಾದು ಅವ್ವನ ಕೋಣೆಯ ದೀವಾನದ ಕೆಳಗೆ ಸೇರಿತು. ಅಷ್ಟೇ. ಆಮೇಲೆ ನಾವು ಬೆಕ್ಕನ್ನು ನೋಡಲಿಲ್ಲ. ಅನಘಾ ನೆಲಕ್ಕೆ ಕೆನ್ನೆ ಹಚ್ಚಿ “ಬಾಕೂ, ಬಾಕುಡೀ” ಎಂದು ಕರೆದಳು. ವೀಣಾ ನವಿಲುಗರಿ ಆಡಿಸಿದಳು. ನಾನು ಟಾರ್ಚು ಬಿಟ್ಟೆ. ಎರಡು ಹಸಿರು ಕಣ್ಣು ನನ್ನನ್ನು ಅಳೆದು, ಏನೂ ಸಿಗಲಿಲ್ಲವೆಂಬಂತೆ ಮುಚ್ಚಿಕೊಂಡವು. ಬೆಳಿಗ್ಗೆ ನಾನು ಉಸಿರು ಬಿಗಿಹಿಡಿದು ಬಾಲ್ಕನಿಯಲ್ಲಿ ಹಾಕಿದ ಮೀನು ಸಂಜೆ ನಾವು ಮರಳಿ ಬರುವ ಹೊತ್ತಿಗೆ ಖಾಲಿಯಾಗಿರುತ್ತಿತ್ತು. ಬೆಕ್ಕು ಜೀವಂತ ಇದೆ ಎಂಬುದಕ್ಕೆ ಅದೊಂದೇ ಸಾಕ್ಷಿ.

ಆದರೆ ಮೇಧಾತಾಯಿಗೆ ದಿನಾ ವಿಡಿಯೋ ಬೇಕು. ಬೆಕ್ಕು ಹೊಂದಿಕೊಳ್ಳದಿದ್ದರೆ ವಾಪಸು ಒಯ್ಯುತ್ತೇನೆ ಎಂದು ಮೊದಲೇ ಹೇಳಿದ್ದರು. ಖಾಲಿ ಬಟ್ಟಲಿನ ವಿಡಿಯೋ ಕಳಿಸಿದೆವು. ದೀವಾನದ ವಿಡಿಯೋ ಕಳಿಸಿದೆವು. “ದೀವಾನ ಚೆನ್ನಾಗಿದೆ, ಬೆಕ್ಕು ತೋರಿಸಿ” ಎಂದು ಉತ್ತರ ಬಂತು. ಅನಘಾ ಅಳುವುದೊಂದು ಬಾಕಿ. ಮಗಳ ಮುಖ ನೋಡಲಾಗದೆ ನಾನು ನನ್ನ ವೃತ್ತಿಗೆ ಶೋಭಿಸುವ ಉಪಾಯ ಮಾಡಿದೆ. ನಮ್ಮ ಪಾರ್ಕಿಂಗಿನಲ್ಲಿ ಇಂಥದೇ ಹಳದಿ ಪಟ್ಟೆಯ ದೊಡ್ಡ ಬೆಕ್ಕೊಂದು ಕಾರಿನ ಬಾನೆಟ್ಟುಗಳ ಮೇಲೆ ಮಲಗಿರುತ್ತದೆ. ಅದರ ಕೆಳಗೆ ನಮ್ಮ ಮನೆಯ ಚಾದರ ಹಾಸಿ, ಹತ್ತಿರದಿಂದ ವಿಡಿಯೋ ತೆಗೆದು, ‘ಬಾಕರವಡಿ ಖುಷಿಯಾಗಿದ್ದಾಳೆ’ ಎಂದು ಬರೆದು ಕಳಿಸಿಬಿಟ್ಟೆ.

ಚಹಾ ಆರುವ ಮೊದಲೇ ಫೋನು ಬಂತು. ಸಂತಾನ ನಿಯಂತ್ರಣದ ಶಸ್ತ್ರಕ್ರಿಯೆ ಆದ ಬೆಕ್ಕುಗಳ ಕಿವಿಯ ತುದಿಯನ್ನು ಗುರುತಿಗೆಂದು ಸ್ವಲ್ಪ ಕತ್ತರಿಸಿರುತ್ತಾರಂತೆ. ಬಾಕರವಡಿಯ ಎಡಗಿವಿ ಹಾಗಿದೆ. ನಾನು ಕಳಿಸಿದ ಬೆಕ್ಕಿನ ಎರಡೂ ಕಿವಿ ಇಡಿಯಾಗಿದ್ದವು. “ಅಲ್ಲದೆ ಅದು ಗಂಡು” ಎಂದರು ಮೇಧಾತಾಯಿ. “ಶನಿವಾರ ಬರುತ್ತೇನೆ. ಬುಟ್ಟಿ ತರುತ್ತೇನೆ.”

ಶನಿವಾರ ಅವರು ಬುಟ್ಟಿ ಹಿಡಿದು ಬಂದಾಗ ಅನಘಾ ಬಾಗಿಲ ಮರೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ವೀಣಾ ನನ್ನ ಕಡೆ ನೋಡುವುದನ್ನೇ ಬಿಟ್ಟಿದ್ದಳು. ಮೇಧಾತಾಯಿ ಸೋಫಾದಲ್ಲಿ ಕುಳಿತು, “ಮನೆಯಲ್ಲಿ ದಿನವಿಡೀ ಇರುವವರು ಯಾರು?” ಎಂದರು. ಅವ್ವ ಎಂದೆ. “ಅವರ ಹತ್ತಿರ ಮಾತಾಡಬೇಕು.” ಅವ್ವನಿಗೆ ಮರಾಠಿ ಬರುವುದಿಲ್ಲ ಎಂದೆ. “ನೀವು ಅನುವಾದಿಸಿ” ಎಂದರು. ಮುಳುಗುವವನಿಗೆ ಹಲಗೆ ಸಿಕ್ಕಿತು. ಅಲ್ಲಿ ಕುಳಿತವರಲ್ಲಿ ಎರಡೂ ಭಾಷೆ ಬಲ್ಲವನು ನಾನೊಬ್ಬನೇ ಎಂದುಕೊಂಡೆ. ನಡುವೆ ನಿಂತು ವಿಷಯವನ್ನು ಬೇಕಾದ ಆಕಾರಕ್ಕೆ ತರಬಲ್ಲೆ.

ಅವ್ವ ಬಂದು ಕುಳಿತಳು. ಬೆಕ್ಕಿನ ಮೇಲೆ ನಿಮಗೆ ಪ್ರೀತಿ ಇದೆಯೇ ಎಂದು ಮೇಧಾತಾಯಿ ಕೇಳಿದರು. ನಾನು ಅದನ್ನು ಕನ್ನಡಕ್ಕೆ ಇಳಿಸಿದೆ.

“ನನ್ನ ಯಾರ ಕೇಳೀರಿ ಇಷ್ಟು ದಿವಸ?” ಎಂದಳು ಅವ್ವ. “ವಿಡಿಯೋ ತಗೀತೀರಿ, ಟಾರ್ಚ್ ಬಿಡ್ತೀರಿ, ಮಂಗ್ಯಾನ ಗತೆ ನೆಲದ ಮ್ಯಾಲೆ ಹೊಳ್ಳಾಡ್ತೀರಿ. ಬೆಕ್ಕು ಎಲ್ಲದ ಅಂತ ನನ್ನ ಒಂದ್ ಮಾತು ಕೇಳಿದ್ರೇನು?”

“ಬಹಳ ಪ್ರೀತಿ ಇದೆ ಅನ್ನುತ್ತಿದ್ದಾಳೆ. ಮನೆಯವರೆಲ್ಲ ಬೆಕ್ಕನ್ನು ಚೆನ್ನಾಗಿ ನೋಡಿಕೊಳ್ಳುತ್ತಾರಂತೆ,” ಎಂದೆ ಮರಾಠಿಯಲ್ಲಿ.

ಮೇಧಾತಾಯಿ ತಲೆಯಾಡಿಸಿದರು. “ಬೆಕ್ಕು ಹೊರಗೆ ಬರುತ್ತದೆಯೇ?”

“ಬರದೇನು?” ಎಂದಳು ಅವ್ವ. “ನೀವೆಲ್ಲಾ ಹ್ವಾದ ಮ್ಯಾಲೆ ದಿನಾ ಬರ್ತಾಳ. ನೀ ಹಾಕಿದ ಮೀನು ಬೆಳಗಿನಿಂದ ಬಿಸಲಾಗ ಒಣಗಿ ಹಪ್ಪಳ ಆಗಿರ್ತದ, ಆಕಿ ಮೂಸಿ ನೋಡೂದಿಲ್ಲ. ನಾನು ಅದನ್ನ ಚೆಲ್ಲಿ, ಹೊಸಾ ಪೊಟ್ಟಣ ಚಿಮಟಿಗೀಲೆ ಹಿಡದು ಹಾಕಿ ಕೈ ತೊಳಕೋತೀನಿ. ತಿಂದು ನನ್ನ ಮಗ್ಗಲದಾಗ ಕೂಡ್ತಾಳ. ನನ್ನ ಮಾತು ಕೇಳ್ತಾಳ. ಈ ಮನ್ಯಾಗ ನನ್ನ ಮಾತು ಪೂರ್ತಿ ಕೇಳಾಕಿ ಆಕಿ ಒಬ್ಬಾಕಿನ. ನೀ ‘ಹೂಂ ಹೂಂ’ ಅಂತ ಫೋನ್ ನೋಡ್ತಿ.”

ಈ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಒಳ್ಳೆಯ ಮಗನಾಗಿದ್ದರೆ ಅಲ್ಲಿಗೇ ಅನುವಾದ ನಿಲ್ಲಿಸುತ್ತಿದ್ದೆ. ಆದರೆ ಅನಘಾ ಬಾಗಿಲ ಮರೆಯಲ್ಲಿದ್ದಳು, ಬುಟ್ಟಿ ಎದುರಿಗಿತ್ತು, ಬಾಯಿ ತನ್ನ ಕೆಲಸ ಮುಂದುವರಿಸಿತು. “ಬೆಕ್ಕು ಮಧ್ಯಾಹ್ನ ಆಟವಾಡುತ್ತದಂತೆ. ನಾನು ಹಾಕುವ ಮೀನು ಅದಕ್ಕೆ ಬಹಳ ಸೇರುತ್ತದಂತೆ. ಸಂಜೆ ನಾವೆಲ್ಲ ಕೂತು ಅವ್ವನ ಜೊತೆ ಹರಟೆ ಹೊಡೆಯುವಾಗ ಅದೂ ಬಂದು ಕೂಡುತ್ತದಂತೆ.”

ಮೇಧಾತಾಯಿ ನನ್ನನ್ನು ನೋಡಿದರು. ಆಮೇಲೆ ಅವ್ವನ ಕಡೆ ತಿರುಗಿ, ನನ್ನ ಕಿವಿಗೆ ಕಾದ ಎಣ್ಣೆ ಹಾಕಿದ ಹಾಗೆ, ಸ್ವಚ್ಛ ಬೆಳಗಾವಿ ಕನ್ನಡದಲ್ಲಿ ಹೇಳಿದರು: “ಅಜ್ಜಿ, ನನ್ನ ತವರಮನಿ ಬೆಳಗಾವಿ ರೀ. ನೀವು ಅಂದದ್ದೆಲ್ಲಾ ನನಗ ತಿಳೀತು. ಈ ಸಾಹೇಬ್ರು ಅಂದದ್ದು ಮಾತ್ರ ಯಾವ ಭಾಷಾ ಅಂತ ತಿಳೀಲಿಲ್ಲ.”

ಅವ್ವ ನಕ್ಕಳು. ಪುಣೆಗೆ ಬಂದ ಮೇಲೆ ಆಕೆ ಹಾಗೆ ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ವೀಣಾ ಸೆರಗು ಬಾಯಿಗೆ ಹಚ್ಚಿಕೊಂಡು ಅಡುಗೆಮನೆಗೆ ಓಡಿದಳು. ನಾನು ಜಾಳಿಯನ್ನು ಪರೀಕ್ಷಿಸುವ ನೆವದಿಂದ ಬಾಲ್ಕನಿಯತ್ತ ಹೊರಟೆ. “ಕೂಡ್ರಿ” ಎಂದರು ಮೇಧಾತಾಯಿ. ಕುಳಿತೆ.

ಅವರಿಬ್ಬರಿಗೂ ಆಮೇಲೆ ನನ್ನ ಅಗತ್ಯ ಬೀಳಲಿಲ್ಲ. ಬೆಳಗಾವಿಯ ಕುಂದಾ, ಧಾರವಾಡದ ಫೇಡೆ, ಯಾವ ಊರಿನ ಗಾಳಿ ಮೈಗೆ ಒಗ್ಗುತ್ತದೆ ಎಂದೆಲ್ಲ ಸುತ್ತಿ ಬಂದ ಮೇಲೆ, “ಬೆಕ್ಕು ಕರೀರಿ ನೋಡೂಣು” ಎಂದರು ಮೇಧಾತಾಯಿ. ಅವ್ವ ಕುಳಿತಲ್ಲಿಂದಲೇ, ಪಕ್ಕದ ಮನೆಯವಳನ್ನು ಕರೆದಂತೆ, “ಚಂದ್ರೀ, ಬಾರವಾ” ಎಂದಳು. ಅವ್ವನ ಕೋಣೆಯಿಂದ ಬಾಲವೊಂದು ನೆಟ್ಟಗೆ ಎದ್ದು ಬಂತು. ಬಾಲದ ಕೆಳಗೆ ಯಾರನ್ನೂ ಲೆಕ್ಕಿಸದ ಬೆಕ್ಕು. ಅದು ಅನಘಾಳ ಕಾಲಿಗೆ ಒಂದು ಸಲ ಮೈ ತಿಕ್ಕಿ, ಅಡುಗೆಮನೆಯ ಬಾಗಿಲಿಗೆ ಬಂದು ನಿಂತ ವೀಣಾಳನ್ನು ದೂರದಿಂದ ಮೂಸಿ, ನನ್ನನ್ನು ಒಂದು ಸ್ಟೂಲನ್ನು ಬಳಸಿಕೊಂಡು ಹೋಗುವಂತೆ ಬಳಸಿಕೊಂಡು, ಅವ್ವನ ತೊಡೆಯ ಮೇಲೆ ಸುರುಳಿ ಸುತ್ತಿತು. ಅನಘಾ ಅಳುತ್ತಲೇ ನಗುತ್ತಿದ್ದಳು. “ಆಕಿ ಹೆಸರು ಚಂದ್ರಿ ಏನಜ್ಜಿ?” ಎಂದು ಕೇಳಿದಳು. “ನಿಮ್ಮ ಆ ತಿಂಡೀ ಹೆಸರಿಗೆ ಯಾರು ಓ ಅಂತಾರ?” ಎಂದಳು ಅವ್ವ.

ಮೇಧಾತಾಯಿ ಬುಟ್ಟಿಯನ್ನು ಖಾಲಿಯಾಗಿಯೇ ಎತ್ತಿಕೊಂಡರು. ಬೆಕ್ಕು ಅಜ್ಜಿಯ ಹತ್ತಿರ ಇರಲಿ, ಅದರ ಬಗ್ಗೆ ನನಗಿನ್ನು ಚಿಂತೆ ಇಲ್ಲ ಎಂದರು. ಹೊಸಿಲ ಬಳಿ ನಿಂತು ಅನಘಾಳನ್ನು ಕರೆದು, ನನ್ನತ್ತ ಗದ್ದ ಎತ್ತಿ ತೋರಿಸಿ, “ವಿಡಿಯೋ ಮಾತ್ರ ಕಳಸ್ತಾ ಇರು. ಇವ್ರದು” ಎಂದರು.

ನಾನು ಅದನ್ನು ತಮಾಷೆ ಎಂದುಕೊಂಡಿದ್ದೆ. ಅನಘಾ ಹಾಗೆ ತಿಳಿಯಲಿಲ್ಲ. ಈಗ ಪ್ರತಿ ಭಾನುವಾರ ಸಂಜೆ ನಾನು ಅವ್ವನ ಕೋಣೆಯಲ್ಲಿ ಕೂಡಬೇಕು. ನನ್ನ ಫೋನು ವೀಣಾಳ ಕೈಯಲ್ಲಿರುತ್ತದೆ. ದೀವಾನದ ಮೇಲೆ ಅವ್ವ ಮತ್ತು ಚಂದ್ರಿ, ನೆಲದ ಮೇಲೆ ನಾನು. ಅವ್ವ ತನ್ನ ಅಕ್ಕನ ಮದುವೆಯಲ್ಲಿ ಬೀಗರು ಯಾವ ಕಾರಣಕ್ಕೆ ಎಲೆ ಬಿಟ್ಟೆದ್ದರು ಎಂದು ಹೇಳುತ್ತಾಳೆ. ನಡುವೆ ನಾನೇನಾದರೂ ಬಾಯಿ ಹಾಕಿದರೆ ಅವ್ವ ಮಾತು ನಿಲ್ಲಿಸುತ್ತಾಳೆ, ಚಂದ್ರಿ ಕಣ್ಣು ತೆರೆಯುತ್ತದೆ, ಇಬ್ಬರೂ ನನ್ನನ್ನು ನೋಡುತ್ತಾರೆ. ಅದನ್ನೆಲ್ಲ ಮಗಳು ಚಿತ್ರೀಕರಿಸಿ ಕಳಿಸುತ್ತಾಳೆ. ಮೊನ್ನೆಯದಕ್ಕೆ ಮೇಧಾತಾಯಿಯ ಉತ್ತರ ಬಂತು. ಬೆಕ್ಕು ಮಸ್ತ್ ಹೊಂದಿಕೊಂಡಿದೆಯಂತೆ. ಸಾಹೇಬರಲ್ಲಿ ಕೊಂಚ ಸುಧಾರಣೆ ಕಾಣುತ್ತಿದೆ, ಆದರೆ ಹೊಂದಿಕೊಂಡರು ಎಂದು ಈಗಲೇ ಹೇಳುವುದು ಕಷ್ಟ, ಅಜ್ಜಿಗೆ ಬೇಡವೆನಿಸಿದರೆ ಸಂಕೋಚ ಪಡಬೇಡಿ, ಬುಟ್ಟಿ ತರುತ್ತೇನೆ ಎಂದು ಬರೆದಿದ್ದಾರೆ. ಅವ್ವ ಅದನ್ನು ಎರಡು ಸಲ ಓದಿಸಿ ಕೇಳಿದಳು. ಇನ್ನೂ ಉತ್ತರ ಹೇಳಿಲ್ಲ.